ಮೂರು ಬಾಚಣಿಗೆಯ ಗಂಟೆ

ಸ್ಟಿಕಲ್‌ಮೆರ್ ಗ್ರಾಮ
14 ಫೆಬ್ರವರಿ 1980

ಮಾನ್ಯ ಲಯನೆಲ್ ಪಾಸ್ಕ್ ಅವರಿಗೆ,

ಜಿಲ್ಲಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಲೋಹದ ಸಾಮಾನುಗಳ ವಿಷಯ ನಿಮ್ಮಷ್ಟು ಬಲ್ಲವರಿಲ್ಲ ಎಂದು ನಮ್ಮ ಪಾದ್ರಿಗಳು ಹೇಳಿದರು. ಅದಕ್ಕೇ ಬರೆಯುವ ಧೈರ್ಯ ಮಾಡಿದ್ದೇನೆ.

ನನ್ನ ಗಂಡ ಹೊರೇಸ್‌ಗೆ ಅಕ್ಟೋಬರಿನಲ್ಲಿ ಒಂದು ಗಂಟೆ ಸಿಕ್ಕಿತು. ಆಗಷ್ಟೇ ಉತ್ತಿದ್ದ ಅವರೆ ಹೊಲದಲ್ಲಿ, ಅವರ ಲೋಹ ಹುಡುಕುವ ಯಂತ್ರಕ್ಕೆ. ಗಂಟೆಯೆಂದರೆ ಚರ್ಚಿನ ಗಂಟೆಯಲ್ಲ. ಅಕ್ರೋಟು ಕಾಯಿಯಷ್ಟು ದಪ್ಪ, ಗೆಜ್ಜೆಯಂತೆ ಗುಂಡಗೆ, ಕೆಳಗೆ ಸಣ್ಣ ಸೀಳು. ಮೈಮೇಲೆ ಒಂದು ಪುಟ್ಟ ಗುರಾಣಿ ಕೊರೆದಿದೆ. ಗುರಾಣಿಯ ಒಳಗೆ ಒಂದೇ ತರಹದ ಮೂರು ಗುರುತು. ಅದು ಯಾವ ಮನೆತನದ ಲಾಂಛನ, ಎಷ್ಟು ಹಳೆಯದು ಎಂದು ತಿಳಿಸಿದರೆ ಸಾಕು. ಗುರುತು ಏನೆಂದು ಹೊರೇಸ್‌ಗೆ ಗೊತ್ತಿದೆಯಂತೆ, ಆದರೆ ಬರೆಯಬಾರದಂತೆ. "ನಮ್ ಬಾಯಿಂದ ಹೇಳ್ಬೇಡ ಕಣೇ ವಿನ್. ನಾವ್ ಹೇಳಿದ್ನೇ ಅವ್ರು ತಿರುಗಿಸಿ ಹೇಳಿದ್ರೆ ಏನ್ ಬಂತು ಭಾಗ್ಯ? ಅವ್ರಾಗೇ ಹೇಳ್ಲಿ, ಆಗ ನಂಬ್ತೀನಿ" ಎನ್ನುತ್ತಾರೆ.

ಅವರು ಬರೆದ ಚಿತ್ರ ಈ ಕಾಗದದ ಜೊತೆಗಿದೆ. ಗಂಟೆಯನ್ನು ಕುರಿಯ ಉಣ್ಣೆಯಲ್ಲಿ ಸುತ್ತಿ, ಕೋಕೋ ಡಬ್ಬಿಯಲ್ಲಿಟ್ಟು, ಗುರುವಾರದ ಬಸ್ಸಿನ ಡ್ರೈವರ್ ಕೈಯಲ್ಲಿ ನಿಮ್ಮ ಕೌಂಟರಿಗೆ ಕಳಿಸಿದ್ದೇನೆ.

ಒಂದು ಮಾತು. ಹೊರೇಸ್ ಮೂವತ್ತೊಂದು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ಸುಣ್ಣದ ಧೂಳು ಕುಡಿದವರು. ಈ ವಸಂತದ ಸಕ್ಕರೆ ಬೀಟ್ ಗಡ್ಡೆಯ ಬಿತ್ತನೆ ನೋಡಬಹುದು, ಕಟಾವು ನೋಡಲಾರರು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದಾರೆ. ಅವರಿಗೆ ಇದೊಂದು ತಿಳಿಯಬೇಕಾಗಿದೆ. ದಯವಿಟ್ಟು ಬೇಗ ನೋಡಿ.

ಇಂತಿ,
ವಿನಿಫ್ರೆಡ್ ಥರ್ಕೆಟಲ್

✽

ಜಿಲ್ಲಾ ವಸ್ತುಸಂಗ್ರಹಾಲಯ
7 ಮಾರ್ಚ್ 1980

ಶ್ರೀಮತಿ ಥರ್ಕೆಟಲ್ ಅವರಿಗೆ,

ನಿಮ್ಮ ಡಬ್ಬಿ ತಲುಪಿದೆ. ಅದರ ಸಂಖ್ಯೆ 114. ಕೌಂಟರಿಗೆ ಬಂದ ಪ್ರತಿ ವಸ್ತುವಿಗೂ ನಮ್ಮ ಚೀಟಿ ಪುಸ್ತಕದಲ್ಲಿ ಒಂದು ಚೀಟಿ ಇರುತ್ತದೆ. ವಸ್ತು ಮಾಲೀಕರ ಕೈ ಸೇರಿದಾಗ ಚೀಟಿಯನ್ನು ಕಿತ್ತು ಅವರಿಗೇ ಕೊಡುತ್ತೇವೆ. ಮೂರು ತಿಂಗಳೊಳಗೆ ಖುದ್ದಾಗಿ ಬಂದು ಒಯ್ಯದ ವಸ್ತುಗಳ ಹೊಣೆ ನಮ್ಮದಲ್ಲ. ನಿಮ್ಮ ಗಡುವು ಮೇ 14.

ಯಂತ್ರ ಹಿಡಿದು ಹೊಲ ಹೊಲ ಅಲೆಯುವವರ ಬಗ್ಗೆ ನನ್ನ ಅಭಿಪ್ರಾಯ ಜಿಲ್ಲೆಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಓದಿರದಿದ್ದರೆ ಇಲ್ಲಿ ಹೇಳುತ್ತೇನೆ: ಅವರು ನಾಡಿನ ಚರಿತ್ರೆಯನ್ನು ಕಿಸೆಗೆ ಹಾಕಿಕೊಳ್ಳುವ ಕಳ್ಳರು. ನಿಮ್ಮ ಪತಿಗೆ ಉತ್ತರ ಮೊದಲೇ ಗೊತ್ತಿದ್ದು ನನ್ನನ್ನು ಪರೀಕ್ಷಿಸುವ ಇರಾದೆಯಿದ್ದರೆ, ನಾನು ಪರೀಕ್ಷೆಗೆ ಕೂರುವ ವಯಸ್ಸು ದಾಟಿ ಬಹಳ ಕಾಲವಾಯಿತು.

ಸರದಿಯ ಪ್ರಕಾರ ನೋಡಲಾಗುವುದು.

ಲಯನೆಲ್ ಪಾಸ್ಕ್

✽

ಸ್ಟಿಕಲ್‌ಮೆರ್
11 ಮಾರ್ಚ್ 1980

ಮಾನ್ಯ ಪಾಸ್ಕ್ ಅವರಿಗೆ,

ಹೊರೇಸ್ ಆ ಹೊಲಕ್ಕೆ ಕಾಲಿಟ್ಟಿದ್ದು ರೈತನ ಅಪ್ಪಣೆ ಕೇಳಿಯೇ. ನೇಗಿಲು ಮುಟ್ಟುವ ಆಳಕ್ಕಿಂತ ಕೆಳಗೆ ಅವರು ಒಂದು ಬೆರಳಿನಷ್ಟೂ ತೋಡಿದವರಲ್ಲ. ಸಿಕ್ಕಿದ್ದನ್ನೆಲ್ಲ ದಿನಾಂಕ ಹಾಕಿ ಹನ್ನೊಂದು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದಾರೆ. ನಿಮಗೆ ಪರೀಕ್ಷೆ ಕೊಡುವ ಉದ್ದೇಶವೂ ಇಲ್ಲ. ಓದು ಇಲ್ಲದವನು, ತನ್ನ ಕಣ್ಣು ಸರಿಯೋ ತಪ್ಪೋ ಎಂದು ಓದಿದವರಿಂದ ಕೇಳಬೇಕೆಂಬ ಆಸೆ, ಅಷ್ಟೇ.

ನಿಮ್ಮ ಕಾಗದವನ್ನು ಅವರಿಗೆ ಪೂರ್ತಿ ಓದಲಿಲ್ಲ. "ನೋಡ್ತಾರಂತೆ" ಎಂದೆ. "ಪುಣ್ಯಾತ್ಮರು" ಅಂದರು.

ವಿನಿಫ್ರೆಡ್ ಥರ್ಕೆಟಲ್

✽

ಜಿಲ್ಲಾ ವಸ್ತುಸಂಗ್ರಹಾಲಯ
21 ಏಪ್ರಿಲ್ 1980

ಶ್ರೀಮತಿ ಥರ್ಕೆಟಲ್ ಅವರಿಗೆ,

ಸಂಖ್ಯೆ 114ನ್ನು ಖುದ್ದು ಪರಿಶೀಲಿಸಿದ್ದೇನೆ.

ಗುರಾಣಿಯ ಮೇಲಿರುವುದು ಮೂರು ಬಾಚಣಿಗೆಗಳು. ಈ ಸೀಮೆಯಲ್ಲಿ ಬಾಚಣಿಗೆಯನ್ನು ಲಾಂಛನ ಮಾಡಿಕೊಂಡ ಮನೆತನ ನಮ್ಮ ಯಾವ ದಾಖಲೆಯಲ್ಲೂ ಇಲ್ಲ. ಯಾವನಾದರೂ ಕ್ಷೌರಿಕನಿಗೆ ಇದ್ದಕ್ಕಿದ್ದಂತೆ ಸರದಾರಗಿರಿ ಸಿಕ್ಕಿದ್ದರೆ ಬೇರೆ ಮಾತು. ಇದು ಕಳೆದ ಶತಮಾನದಲ್ಲಿ ಸಂತೆಗಳಲ್ಲಿ ಮಾರುತ್ತಿದ್ದ ಅಗ್ಗದ ಸಾಮಾನು. ಬಹುಶಃ ಬೆಕ್ಕಿನ ಕೊರಳಿನದು. ಬೆಕ್ಕಿನ ವಂಶಾವಳಿ ನಮ್ಮ ವಿಭಾಗಕ್ಕೆ ಸೇರುವುದಿಲ್ಲ.

ನಿಮ್ಮ ಪತಿಯ ಕಣ್ಣಿನ ಬಗ್ಗೆ ಕೇಳಿದ್ದೀರಿ. ಉತ್ತರ ಮೇಲಿದೆ.

ಲಯನೆಲ್ ಪಾಸ್ಕ್

✽

ಸ್ಟಿಕಲ್‌ಮೆರ್
27 ಏಪ್ರಿಲ್ 1980

ಮಾನ್ಯ ಪಾಸ್ಕ್ ಅವರಿಗೆ,

ಈ ಸಲ ಬಚ್ಚಿಡಲು ಆಗಲಿಲ್ಲ. ಲಕೋಟೆಯ ಮೇಲಿನ ಮುದ್ರೆ ನೋಡಿಬಿಟ್ಟರು. "ಓದು, ನುಂಗ್ಬೇಡ" ಎಂದರು. ಓದಿದೆ. ಬೆಕ್ಕಿನ ಮಾತಿಗೆ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಗೋಡೆಯ ಕಡೆ ಹೊರಳಿದರು. "ಹನ್ನೊಂದು ಪುಸ್ತಕಾನೂ ಒಲೆಗ್ ಹಾಕು. ಯಂತ್ರಾನೂ ಯಾರಿಗಾದ್ರೂ ಕೊಟ್ಬಿಡು. ಹತ್ತು ವರ್ಷ ಬೆಕ್ಕಿನ ಗೆಜ್ಜೆ ಆಯ್ಕೊಂಡು ತಿರುಗ್ದೆ" ಎಂದರು.

ಪುಸ್ತಕಗಳನ್ನು ಒಲೆಗೆ ಹಾಕಿದೆ. ಅವರು ಮಂಚದಿಂದ ನೋಡುತ್ತಿದ್ದರು, ಹಾಕದೆ ಗತಿಯಿರಲಿಲ್ಲ.

ನಿನ್ನೆ ಬೆಳಿಗ್ಗೆ ಮಾತ್ರ ಕಣ್ಣು ಬಿಟ್ಟವರೇ, "ಆ ಸಾಹೇಬ್ರು ಅದನ್ನ ಅಲ್ಲಾಡ್ಸಿ ನೋಡಿದ್ರಾ? ಸದ್ದು ಹೆಂಗಿತ್ತು ಅಂತ ಕೇಳು" ಎಂದರು. ಯಾಕೆ ಅಂತ ನಾನು ಕೇಳಲಿಲ್ಲ. ದಯವಿಟ್ಟು ಒಂದು ಸಾಲು ಬರೆಯಿರಿ. ಗಂಟೆಯನ್ನೂ ಅಂಚೆಯಲ್ಲಿ ಕಳಿಸಿಬಿಡಿ, ಸ್ಟಾಂಪು ಇಟ್ಟಿದ್ದೇನೆ. ಬೆಕ್ಕಿನದಾದರೂ ಸರಿ, ಮಂಚದ ಪಕ್ಕ ಇರಲಿ ಎನ್ನುತ್ತಾರೆ. ಅವರನ್ನು ಬಿಟ್ಟು ನಾನು ಬರುವ ಹಾಗಿಲ್ಲ.

ವಿನಿಫ್ರೆಡ್ ಥರ್ಕೆಟಲ್

✽

ಜಿಲ್ಲಾ ವಸ್ತುಸಂಗ್ರಹಾಲಯ
6 ಮೇ 1980

ಶ್ರೀಮತಿ ಥರ್ಕೆಟಲ್ ಅವರಿಗೆ,

ಹೌದು, ಅಲ್ಲಾಡಿಸಿ ನೋಡಿದ್ದೇನೆ. ಗಡಗಡ ಎನ್ನುವ ಒರಟು ಸದ್ದು. ಅಗ್ಗದ ಲೋಹಕ್ಕೆ ತಕ್ಕ ಸದ್ದು.

ವಸ್ತುಗಳನ್ನು ಅಂಚೆಯಲ್ಲಿ ಹಿಂತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಸ್ಟಾಂಪುಗಳನ್ನು ಹಿಂದಕ್ಕೆ ಕಳಿಸಿದ್ದೇನೆ. ನಾಳೆಯಿಂದ ಆರು ವಾರ ನಾನು ಇಟಲಿಯಲ್ಲಿರುತ್ತೇನೆ. ಈ ವಿಷಯದಲ್ಲಿ ಇನ್ನು ಪತ್ರ ವ್ಯವಹಾರದ ಅಗತ್ಯ ಕಾಣುವುದಿಲ್ಲ.

ಲಯನೆಲ್ ಪಾಸ್ಕ್

✽

ಸ್ಟಿಕಲ್‌ಮೆರ್
9 ಮೇ 1980

ಪಾಸ್ಕ್ ಅವರಿಗೆ ಅಥವಾ ಅವರ ಜಾಗದಲ್ಲಿ ಕೂತವರಿಗೆ,

114ನೇ ಡಬ್ಬಿಯನ್ನು ಗಡುವು ಮುಗಿದರೂ ದಯವಿಟ್ಟು ಎತ್ತಿಡಿ. ನನ್ನ ಗಂಡನಿಗೆ ಈಗ ಉಸಿರಿಗೇ ಕಷ್ಟ. ನಾನು ಕೈ ಮುಗಿದು ಕೇಳುವವಳಲ್ಲ, ಈಗ ಕೇಳುತ್ತಿದ್ದೇನೆ.

ವಿನಿಫ್ರೆಡ್ ಥರ್ಕೆಟಲ್

✽

ಸ್ಟಿಕಲ್‌ಮೆರ್
16 ಜೂನ್ 1980

ಪಾಸ್ಕ್ ಅವರಿಗೆ,

ನನ್ನ ಗಂಡ ಹೊರೇಸ್ ಥರ್ಕೆಟಲ್ ಜೂನ್ 2ರಂದು ತೀರಿಕೊಂಡರು. ನಿಮಗೆ ಇನ್ನು ತೊಂದರೆ ಕೊಡುವುದಿಲ್ಲ.

ವಿ. ಥರ್ಕೆಟಲ್

✽

ಜಿಲ್ಲಾ ವಸ್ತುಸಂಗ್ರಹಾಲಯ
30 ಸೆಪ್ಟೆಂಬರ್ 1980

ಪ್ರಿಯ ಶ್ರೀಮತಿ ಥರ್ಕೆಟಲ್ ಅವರಿಗೆ,

ನಿಮ್ಮ ಪತಿಯ ಅಗಲಿಕೆಗೆ ನನ್ನ ಹೃತ್ಪೂರ್ವಕ ಸಂತಾಪ. ಇಷ್ಟು ತಡವಾಗಿ ತಿಳಿಸುತ್ತಿರುವುದಕ್ಕೆ ಕ್ಷಮೆಯಿರಲಿ. ನಿಮ್ಮ ಮೇ ತಿಂಗಳ ಕಾಗದವನ್ನು ಇಟಲಿಯಿಂದ ಬಂದ ಮೇಲೆ ನೋಡಿದೆ. ಪುಸ್ತಕದಲ್ಲಿ 114ರ ಚೀಟಿ ಇರಲಿಲ್ಲ, ಕಪಾಟಿನಲ್ಲಿ ಡಬ್ಬಿಯೂ ಇರಲಿಲ್ಲ. ನೀವು ಬಂದು ಒಯ್ದಿದ್ದೀರಿ ಎಂದು ತಿಳಿದು ಸುಮ್ಮನಾದೆ.

ಈಗ ಒಂದು ಸಂತೋಷದ ಸುದ್ದಿ. ಕಳೆದ ವಾರ ನಿಮ್ಮ ಕಡೆಯ ಒಬ್ಬ ರೈತ ತನ್ನ ಅಜ್ಜನ ಸಾಮಾನುಗಳನ್ನು ಸಂಗ್ರಹಾಲಯಕ್ಕೆ ದಾನ ಕೊಟ್ಟ. ಅದರಲ್ಲೊಂದು ಕಬ್ಬಿಣದ ಸಲಕರಣೆ: ಅಗಲವಾದ ಹಲ್ಲುಗಳು, ಒಂದೊಂದು ಹಲ್ಲಿನ ಅಂಚಿಗೂ ಗರಗಸದಂತೆ ಕಚ್ಚು. ಇದೇನು ಎಂದು ಕೇಳಿದೆ. "ಇದ್ ಗೊತ್ತಿಲ್ವಾ ಸಾರ್? ಹಾವುಮೀನ್ ಚುಚ್ಚೋ ಈಟಿ" ಎಂದು ಅವನು ನನ್ನ ಮುಖವನ್ನೇ ನೋಡಿದ. ಇಪ್ಪತ್ತು ವರ್ಷ ಈ ಜಿಲ್ಲೆಯಲ್ಲಿದ್ದೂ ನಾನು ಅದನ್ನು ಕಂಡಿರಲಿಲ್ಲ.

ಆ ಕ್ಷಣವೇ ನಿಮ್ಮ ಪತಿಯ ಚಿತ್ರವನ್ನು ಕಡತದಿಂದ ತೆಗೆಸಿದೆ. ಅವು ಬಾಚಣಿಗೆಗಳಲ್ಲ. ಮೂರು ಹಾವುಮೀನು ಈಟಿಗಳು! ಅದು ಡಿ ಹಾಲ್ವರ್ ಮನೆತನದ ಲಾಂಛನ. ಆರುನೂರು ವರ್ಷಗಳ ಹಿಂದೆ ನಿರ್ವಂಶವಾದ ಮನೆ. ಅವರ ಲಾಂಛನದ ವರ್ಣನೆ ಒಂದು ಹಳೆಯ ಸುರುಳಿಯಲ್ಲಿ ಒಂದೇ ಸಾಲಿನಲ್ಲಿದೆ, ಚಿತ್ರವಿಲ್ಲ. ಅದನ್ನು ಹೊತ್ತ ಒಂದು ವಸ್ತುವೂ ಇದುವರೆಗೆ ಸಿಕ್ಕಿಲ್ಲ. ಡಿ ಹಾಲ್ವರ್‌ಗಳ ಮೇಲೆ ನಾನು ಹನ್ನೆರಡು ವರ್ಷದಿಂದ ಒಂದು ಗ್ರಂಥ ಬರೆಯುತ್ತಿದ್ದೇನೆ. ನಿಮ್ಮ ಗಂಟೆ ಅವರ ಕುದುರೆಯ ಎದೆಪಟ್ಟಿಯಲ್ಲಿ ತೂಗುತ್ತಿದ್ದದ್ದು.

ದಯವಿಟ್ಟು ಅದನ್ನು ತಕ್ಷಣ ಕಳಿಸಿ. ನಮ್ಮ ಆಳನ್ನು ಬೇಕಾದರೆ ನಿಮ್ಮ ಬಾಗಿಲಿಗೇ ಕಳಿಸುತ್ತೇನೆ. ಗ್ರಂಥದ ಅಡಿಟಿಪ್ಪಣಿಯಲ್ಲಿ ನಿಮ್ಮ ಪತಿಯ ಹೆಸರು ಖಂಡಿತ ಇರುತ್ತದೆ.

ನಿಮ್ಮ ವಿಶ್ವಾಸಿ,
ಲಯನೆಲ್ ಪಾಸ್ಕ್

✽

ಸ್ಟಿಕಲ್‌ಮೆರ್
10 ಅಕ್ಟೋಬರ್ 1980

ಪ್ರಿಯ ಪಾಸ್ಕ್ ಅವರಿಗೆ,

ಕಾಗದ ಓದಿ ಕೂತಲ್ಲೇ ಕೂತೆ. ಹೊರೇಸ್ ಅವರ ಅಪ್ಪ ಹಾವುಮೀನು ಹಿಡಿದೇ ಎಂಟು ಮಕ್ಕಳನ್ನು ಸಾಕಿದವರು. ಆ ಈಟಿ ನಮ್ಮ ಕೊಟ್ಟಿಗೆಯ ಗೋಡೆಗೆ ಈಗಲೂ ನೇತಾಡುತ್ತಿದೆ. ಮಣ್ಣು ಒರೆಸಿದ ಮರುಗಳಿಗೆಯೇ ಹೊರೇಸ್ ಹೇಳಿದ್ದರು: "ಇದು ನಮ್ಮಪ್ಪನ್ ಈಟಿ ಕಣೇ!"

ಗಂಟೆಯ ವಿಷಯಕ್ಕೆ ಅವಸರ ಬೇಡ. ಕೊಡುವ ಮೊದಲು ನನ್ನದೊಂದು ಆಸೆ. ಸುಟ್ಟ ಪುಸ್ತಕಗಳ ಬದಲು ಹೊಸದೊಂದು ನೋಟ್‌ಬುಕ್ ತಂದಿದ್ದೇನೆ. ಅದರ ಮೊದಲ ಪುಟದಲ್ಲಿ ಅಂಟಿಸಲು ನಿಮ್ಮ ಕೈಯಿಂದ, ಮುದ್ರೆಯಿರುವ ಕಾಗದದಲ್ಲಿ, ಒಂದು ಪತ್ರ ಬೇಕು. ಹೊರೇಸ್ ಥರ್ಕೆಟಲ್‌ನ ಕಣ್ಣು ಸರಿಯಿತ್ತು ಎಂದಿರಬೇಕು. ಜೊತೆಗೆ, ನೀವು ಗಂಟೆಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದಾಗ ಅದು ಹೇಗಿತ್ತು, ಭಾರ ಎಷ್ಟಿತ್ತು, ಸದ್ದು ಹೇಗಿತ್ತು, ಎಲ್ಲವನ್ನೂ ಬರೆಯಿರಿ. ಓದಿದವರ ಬಾಯಲ್ಲಿ ಕೇಳುವ ಸುಖವೇ ಬೇರೆ.

ವಿನಿಫ್ರೆಡ್ ಥರ್ಕೆಟಲ್

✽

ಜಿಲ್ಲಾ ವಸ್ತುಸಂಗ್ರಹಾಲಯ
16 ಅಕ್ಟೋಬರ್ 1980

ಪ್ರಿಯ ಶ್ರೀಮತಿ ಥರ್ಕೆಟಲ್ ಅವರಿಗೆ,

ಸಂತೋಷದಿಂದ ಬರೆಯುತ್ತಿದ್ದೇನೆ. ಹೊರೇಸ್ ಥರ್ಕೆಟಲ್ ಅವರ ಕಣ್ಣು ಸರಿಯಿತ್ತು.

ಏಪ್ರಿಲ್‌ನಲ್ಲಿ ಗಂಟೆಯನ್ನು ನಾನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ದೆ. ಅಂಗೈಯಲ್ಲಿ ಹಿತವಾದ ಭಾರ. ಗೀರುಗಳಲ್ಲಿ ಕೆಂಪು ಬಣ್ಣದ ಕುರುಹು. ಮೆಲ್ಲನೆ ಅಲ್ಲಾಡಿಸಿದಾಗ ಬಂದ ಸಣ್ಣ ಇಂಪಾದ ನಾದ ಈಗಲೂ ನನ್ನ ಕಿವಿಯಲ್ಲಿದೆ. ಆರುನೂರು ವರ್ಷಗಳ ಹಿಂದಿನ ಕುದುರೆಯೊಂದು ಹಾದುಹೋದಂತಾಯಿತು. ಆಗಲೇ ನನಗೆ ಒಳಗೊಳಗೇ ಅನುಮಾನವಿತ್ತು. ಎಚ್ಚರಿಕೆಯ ಸಲುವಾಗಿ ಹೇಳಿರಲಿಲ್ಲ, ಅಷ್ಟೇ.

ಡಿಸೆಂಬರ್ 6ರ ಶನಿವಾರ ಮಧ್ಯಾಹ್ನ ಜಿಲ್ಲೆಯ ಚರಿತ್ರೆ ಸಂಘದಲ್ಲಿ ನನ್ನ ಉಪನ್ಯಾಸವಿದೆ. ವಿಷಯ, ಹಾಲ್ವರ್ ಗಂಟೆ. ಮೇಲಿನ ವರ್ಣನೆಯನ್ನು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದ್ದೇನೆ. ಗ್ರಂಥ ಮುದ್ರಣಕ್ಕೆ ಹೋಗಿದೆ, ಗಂಟೆಯ ಚಿತ್ರಕ್ಕಾಗಿ ಒಂದು ಪುಟ ಖಾಲಿ ಬಿಡಿಸಿದ್ದೇನೆ. ಅಂದು ಗಂಟೆ ನನ್ನ ಮೇಜಿನ ಮೇಲಿರಲೇಬೇಕು. ನನ್ನ ಜೀವಮಾನದ ಕೆಲಸ ಅದರ ಮೇಲೆ ನಿಂತಿದೆ ಎಂದರೆ ಹೆಚ್ಚಲ್ಲ.

ಲಯನೆಲ್ ಪಾಸ್ಕ್

✽

ಸ್ಟಿಕಲ್‌ಮೆರ್
24 ನವೆಂಬರ್ 1980

ಪ್ರಿಯ ಪಾಸ್ಕ್ ಅವರಿಗೆ,

ನಿಮ್ಮ ಪತ್ರವನ್ನು ಅಂಟಿಸಿಟ್ಟಿದ್ದೇನೆ.

ಡಿಸೆಂಬರ್ 6ಕ್ಕೆ ಡಬ್ಬಿ ನಿಮ್ಮ ಮೇಜಿನ ಮೇಲಿರುತ್ತದೆ. ಮೊದಲೇ ಬಂದರೆ ಸ್ವಾರಸ್ಯ ಹೋಗುತ್ತದೆ. ಎಲ್ಲರ ಎದುರಿಗೆ, ನಿಮ್ಮ ಕೈಯಿಂದಲೇ ತೆರೆಯಿರಿ. ಮಖಮಲ್ಲಿನ ದಿಂಬೊಂದು ಇಡಿಸಿ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಬಿಡಿಸಿ.

ವಿನಿಫ್ರೆಡ್ ಥರ್ಕೆಟಲ್

✽

ಜಿಲ್ಲಾ ವಸ್ತುಸಂಗ್ರಹಾಲಯ
27 ನವೆಂಬರ್ 1980

ಪ್ರಿಯ ವಿನಿಫ್ರೆಡ್ ಅವರಿಗೆ,

ದಿಂಬು, ಕುರ್ಚಿ, ಚಹಾ, ಎಲ್ಲವೂ ಸಿದ್ಧ. ಇನ್ನೂರು ಜನ ಬರುತ್ತಾರೆ, ಲಂಡನ್ನಿನಿಂದಲೂ ಕೆಲವರು. ನಾಟಕೀಯವಾಗಿ ತೆರೆಯುವ ನಿಮ್ಮ ಸಲಹೆ ನನಗೆ ಬಹಳ ಹಿಡಿಸಿತು. ಹೇಗೆ ಋಣ ತೀರಿಸಲಿ ತಿಳಿಯದು.

ಲಯನೆಲ್

✽

ಸ್ಟಿಕಲ್‌ಮೆರ್
5 ಡಿಸೆಂಬರ್ 1980
(ಕೋಕೋ ಡಬ್ಬಿಯ ಒಳಗೆ)

ಪಾಸ್ಕ್ ಅವರಿಗೆ,

ಈ ಸಲ ಡಬ್ಬಿ ತೆರೆದಿರಿ. ಸಂತೋಷ.

ಜೋರಾಗಿ ಓದಿ. ನೀವು ಓದದಿದ್ದರೂ ಚಿಂತೆಯಿಲ್ಲ, ಇದರದೇ ಒಂದು ಪ್ರತಿ ನಿಮ್ಮ ಸಂಘದ ಅಧ್ಯಕ್ಷರ ಕೈಯಲ್ಲಿದೆ.

ಈ ಡಬ್ಬಿ ಬೇರೆ. ಕೆಳಗಿರುವ ಚೀಟಿ ನಿಮ್ಮ ಪುಸ್ತಕದ್ದು, ಸಂಖ್ಯೆ 114. ನಿಮ್ಮ ಕೌಂಟರಿನ ಬಲ್ಮರ್ ಅವರ ಅಕ್ಷರ: "ಕೋಕೋ ಡಬ್ಬಿ ಒಂದು. ತೆರೆದಿಲ್ಲ. ಯಾರೂ ಒಯ್ಯಲಿಲ್ಲ. ಮೇ 15ರಂದು ಕಸಕ್ಕೆ." ಹೊರೇಸ್‌ನನ್ನು ಮಣ್ಣು ಮಾಡಿದ ಮುಂದಿನ ಗುರುವಾರ ನಾನು ಬಸ್ಸು ಹತ್ತಿ ನಿಮ್ಮಲ್ಲಿಗೆ ಬಂದಿದ್ದೆ. ಬಲ್ಮರ್ ಕಪಾಟು ನೋಡಿದರು, ಪುಸ್ತಕ ನೋಡಿದರು, ಆಮೇಲೆ ನನ್ನನ್ನು ನೋಡಲಾಗದೆ ಕೌಂಟರನ್ನೇ ಒರೆಸುತ್ತಾ ನಿಂತರು. "ನಾನು ಇದನ್ನ ಮೇಲ್ಗಡೆ ಹೇಳೋದಾ ಅಮ್ಮಾ?" ಎಂದರು. "ಬೇಡ, ಆ ಚೀಟಿ ಕಿತ್ತು ನನಗೆ ಕೊಡಿ ಸಾಕು" ಎಂದೆ. ಬರುವ ಕ್ರಿಸ್‌ಮಸ್‌ಗೆ ಅವರು ನಿವೃತ್ತರಾಗುತ್ತಾರೆ, ಬೈದು ಪ್ರಯೋಜನವಿಲ್ಲ.

ಆ ಗಂಟೆಗೆ ಸದ್ದೇ ಇರಲಿಲ್ಲ, ಪಾಸ್ಕ್ ಅವರೇ. ಒಳಗಿನ ಗುಂಡು ಎಂದೋ ಬಿದ್ದುಹೋಗಿತ್ತು. ಅಲ್ಲಾಡಿಸಿದರೆ ಗಡಗಡವೂ ಇಲ್ಲ, ಇಂಪೂ ಇಲ್ಲ. ಅದು ಹೊರೇಸ್‌ಗೆ ಗೊತ್ತಿತ್ತು, ಅದಕ್ಕೇ ಕೇಳಿಸಿದ್ದರು. ನಿಮ್ಮ ಮೇ ತಿಂಗಳ ಕಾಗದ ಓದಿದಾಗ ದಿಂಬಿನಿಂದ ತಲೆಯೆತ್ತಿ, "ಡಬ್ಬೀನೇ ತೆಗ್ದಿಲ್ಲ ಕಣೇ ಅವ್ನು! ಹಂಗಾದ್ರೆ ನಂದು ಬೆಕ್ಕಿಂದಲ್ಲ! ಹೋಗು, ತಗೊಂಬಾ, ಇನ್ನೊಬ್ರಿಗೆ ತೋರ್ಸಾಣ" ಎಂದರು. ಹದಿನಾಲ್ಕನೇ ತಾರೀಕು ಬಂತು, ಹೋಯಿತು. ನೀರು ಕೇಳಲೂ ಉಸಿರು ಸಾಲದ ಮನುಷ್ಯನನ್ನು ಬಿಟ್ಟು ನಾನು ಬಸ್ಸು ಹತ್ತಲಿಲ್ಲ. ಪ್ರತಿದಿನ "ಬಂತಾ?" ಎಂದು ಕೇಳುತ್ತಿದ್ದರು. "ನಾಳೆ" ಎನ್ನುತ್ತಿದ್ದೆ. ಕೊನೆಯ ದಿನವೂ ಅದೇ ಸುಳ್ಳು ಹೇಳಿದೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ಕಾಗದದಲ್ಲಿ ಹಾವುಮೀನು ಈಟಿ ಎಂದು ಎರಡು ಪದ ಬರೆದಿದ್ದರೆ ನೀವು ಬಸ್ಸಿಗೂ ಕಾಯದೆ ಓಡಿ ಬರುತ್ತಿದ್ದಿರಿ. ಬರೆಯಬೇಡ ಎಂದರು, ನಾನು ಬರೆಯಲಿಲ್ಲ. ಆ ಎರಡು ಪದ ದಿನವೂ ನನ್ನನ್ನು ತಿನ್ನುತ್ತವೆ. ನಿಮ್ಮನ್ನು ಏನು ತಿನ್ನುತ್ತದೆಯೋ, ಇವತ್ತಿನಿಂದ ಗೊತ್ತಾಗಲಿ.

ಮುಂದಿನ ಸಾಲಿನ ಕುರ್ಚಿಗೆ ನಾನು ಬಂದಿಲ್ಲ. ಅದು ಹೊರೇಸ್‌ಗೆಂದು ಕೇಳಿದ್ದು.

ವಿನಿಫ್ರೆಡ್ ಥರ್ಕೆಟಲ್

✽

2 ಮಾರ್ಚ್ 1981

ಶ್ರೀಮತಿ ಥರ್ಕೆಟಲ್ ಅವರಿಗೆ,

ನಾನು ಈಗ ಸಂಗ್ರಹಾಲಯದಲ್ಲಿಲ್ಲ. ಗ್ರಂಥವನ್ನು ಮುದ್ರಕರು ಹಿಂದಕ್ಕೆ ಕಳಿಸಿದ್ದಾರೆ. ನಿಮ್ಮ ಕನಿಕರಕ್ಕೆಂದು ಹೇಳುತ್ತಿಲ್ಲ, ನಿಮಗೆ ತಿಳಿದಿರುತ್ತದೆ.

ಕಳೆದ ಮೇ ತಿಂಗಳ ಕಸವನ್ನೆಲ್ಲ ಊರಾಚೆಯ ಹಳೆಯ ಇಟ್ಟಿಗೆ ಗುಂಡಿಗೆ ಸುರಿದು ಮಣ್ಣು ಮುಚ್ಚಿದ್ದಾರೆ ಎಂದು ವಿಚಾರಿಸಿ ತಿಳಿದೆ. ನಾಲ್ಕು ಎಕರೆ. ಅಗೆಯಲು ಅನುಮತಿ ಸಿಕ್ಕಿದೆ. ಬರಿಗಣ್ಣಿನಿಂದ ಆಗುವ ಕೆಲಸವಲ್ಲ.

ನಿಮ್ಮ ಪತಿಯ ಯಂತ್ರವನ್ನು ಯಾರಿಗಾದರೂ ಕೊಟ್ಟುಬಿಟ್ಟಿರಾ? ಇನ್ನೂ ನಿಮ್ಮಲ್ಲೇ ಇದ್ದರೆ, ಕೆಲವು ತಿಂಗಳ ಮಟ್ಟಿಗೆ ಕೊಡಲು ಸಾಧ್ಯವೇ?

ಲಯನೆಲ್ ಪಾಸ್ಕ್

✽

ಸ್ಟಿಕಲ್‌ಮೆರ್
5 ಮಾರ್ಚ್ 1981

ಪಾಸ್ಕ್ ಅವರಿಗೆ,

ಯಂತ್ರವನ್ನು ಹೊರೇಸ್‌ಗೆ ತಿಳಿಯದಂತೆ ಕೊಟ್ಟಿಗೆಯಲ್ಲಿ ಬಚ್ಚಿಟ್ಟಿದ್ದೆ. ಗುರುವಾರದ ಬಸ್ಸಿನಲ್ಲಿ ಕಳಿಸಿದ್ದೇನೆ. ಹೊಸ ಬ್ಯಾಟರಿ ಹಾಕಿದ್ದೇನೆ. ಹಿಡಿಯನ್ನು ಹೊರೇಸ್ ತಮ್ಮ ಎತ್ತರಕ್ಕೆ ಕೂರಿಸಿಕೊಂಡಿದ್ದರು, ಅದನ್ನು ಬದಲಿಸಬೇಡಿ. ನೀವು ಸ್ವಲ್ಪ ಬಗ್ಗಿ ನಡೆಯಬೇಕಾಗುತ್ತದೆ.

ಕಸದ ಗುಂಡಿಯಲ್ಲಿ ಅದು ಹೆಜ್ಜೆ ಹೆಜ್ಜೆಗೂ ಕೂಗುತ್ತದೆ. ಮೊಳೆಗೆ, ಮುಚ್ಚಳಕ್ಕೆ, ಸಾರ್ಡೀನ್ ಡಬ್ಬಿಗೆ, ಎಲ್ಲಕ್ಕೂ ಒಂದೇ ಸದ್ದು. ಯಾವುದು ಏನೆಂದು ಮೇಲಿನಿಂದ ತಿಳಿಯುವುದಿಲ್ಲ. ಪ್ರತಿಯೊಂದಕ್ಕೂ ಮೊಣಕಾಲೂರಿ ಕೂತು, ಕೈಯಿಂದ ತೋಡಿ, ತೆರೆದು ನೋಡಬೇಕು.

ಸಿಕ್ಕಿದರೆ ನನಗೆ ಬರೆಯಬೇಡಿ. ನನಗೆ ಬೇಕಿದ್ದದ್ದು ಕಳೆದ ಜೂನ್ 2ರೊಳಗೆ.

ವಿನಿಫ್ರೆಡ್ ಥರ್ಕೆಟಲ್